ಕೇಳಿ ತಂದ ನೀರು

ತವರಿನ ಮಾತು ಬಂದರೆ ಕನ್ನಮ್ಮನನ್ನು ಹಿಡಿಯುವವರೇ ಇರಲಿಲ್ಲ. ತಳಬೈಲಿನ ಹೆಂಗಸರು ನಾಟಿಗೆ ಬಗ್ಗಿದರೆ ಸಾಕು, ಗದ್ದೆಯ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಅವಳ ತಮ್ಮ ವೆಂಕಟ್ರಮಣನ ಗುಣಗಾನ ಒಂದು ಸುತ್ತು ಮುಗಿದಿರುತ್ತಿತ್ತು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ತಾನು, ಅವ್ವ ಒಡೆಯರ ಗದ್ದೆಗೆ ಹೋದಾಗ ಗಂಜಿ ಕುಡಿಸಿದ್ದು ತಾನು, ಅವನಿಗೂ ಅಕ್ಕ ಅಂದರೆ ಅವ್ವನಿಗಿಂತ ಒಂದು ಕೈ ಮೇಲೆ. ಪಕ್ಕದ ಗದ್ದೆಯ ಹುಲಿಯಮ್ಮ ಸುಮ್ಮನಿರುವ ಪೈಕಿ ಅಲ್ಲ. ನಿನ್ನ ತಮ್ಮ ಒಬ್ಬನೇ ಅನ್ನ ಉಣ್ಣೋದು, ನಮ್ಮ ತಮ್ಮಂದಿರೆಲ್ಲ ಹುಲ್ಲು ಮೇಯ್ತಾರೆ ಅಂತ ಛೇಡಿಸುತ್ತಿದ್ದಳು. ಕನ್ನಮ್ಮ ನಗುತ್ತಿದ್ದಳೇ ಹೊರತು ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಛೇಡಿಸಿದರೂ ತಳಬೈಲಿಗೆ ಕನ್ನಮ್ಮನ ತವರು ಬೇಕೇ ಬೇಕಿತ್ತು. ನೀರು ಬರುತ್ತಿದ್ದುದೇ ಅಲ್ಲಿಂದ.

ಊರು ಇರುವುದು ಸಾಗರ ತಾಲೂಕಿನ ಅಂಚಿನಲ್ಲಿ. ಒಂದು ಗುಡ್ಡ ಹತ್ತಿ ಇಳಿದರೆ ಹೊಸನಗರದ ಸೀಮೆ. ಬಿಳಿಗಲ್ಲು ಹಳ್ಳ ಮೇಲ್ಕೊಪ್ಪದ ಗದ್ದೆಗಳ ಬದಿಯಲ್ಲೇ ಹರಿಯುತ್ತದೆ. ಕನ್ನಮ್ಮ ಹುಟ್ಟಿದ್ದು ಆ ಮೇಲ್ಕೊಪ್ಪದಲ್ಲಿ. ಮದುವೆಯಾಗಿ ಬಂದ ತಳಬೈಲು ಹಳ್ಳದ ದಂಡೆಯಲ್ಲಿಲ್ಲ, ನಡುವೆ ಒಂದು ದಿಬ್ಬ ಅಡ್ಡ ಕೂತಿದೆ. ಮಳೆ ನಿಂತು ಹಳ್ಳ ಇಳಿದ ಮೇಲೆ ಎರಡೂ ಊರಿನ ಗಂಡಸರು ಸೇರಿ, ಮೇಲ್ಕೊಪ್ಪದ ನೆಲದಲ್ಲಿ, ಹಳ್ಳಕ್ಕೆ ಅಡ್ಡಲಾಗಿ ಕಲ್ಲು, ಸೊಪ್ಪು, ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದರು. ಏರಿ ನಿಂತ ನೀರು ಎರಡು ಕಾಲುವೆಗಳಿಗೆ ಹಂಚಿಹೋಗುತ್ತಿತ್ತು. ಒಂದು ಮೇಲ್ಕೊಪ್ಪದ್ದು, ಇನ್ನೊಂದು ದಿಬ್ಬ ಬಳಸಿಕೊಂಡು ತಳಬೈಲಿಗೆ ಬರುವಂಥದ್ದು. ಆ ನೀರಿನಲ್ಲೇ ತಳಬೈಲಿನ ಬೇಸಿಗೆ ಬೆಳೆ, ತರಕಾರಿ ಮಡಿ, ದನಗಳ ಬಾಯಾರಿಕೆ ಎಲ್ಲ. ಜಮೀನು ಒಡೆಯರ ಕೈಯಲ್ಲಿದ್ದ ಕಾಲದಲ್ಲಿ ಎರಡೂ ಊರಿನವರು ಗೇಣಿದಾರರೇ. ಆಮೇಲೆ ಗದ್ದೆಗಳು ಅವರವರ ಹೆಸರಿಗೆ ಆದವು. ನೀರನ್ನು ಯಾರ ಹೆಸರಿಗೆ ಮಾಡಿಸಬೇಕು ಅಂತ ಆಗ ಯಾರ ತಲೆಗೂ ಹೊಳೆಯಲಿಲ್ಲ. ಗಾಳಿಯನ್ನು ಯಾರಾದರೂ ಖಾತೆ ಮಾಡಿಸುತ್ತಾರೆಯೇ?

ಕಟ್ಟ ಕಟ್ಟುವ ದಿನ ಹೆಂಗಸರದೂ ಒಂದು ಶಾಸ್ತ್ರವಿತ್ತು. ಮೇಲ್ಕೊಪ್ಪದಲ್ಲಿ ಹುಟ್ಟಿ ತಳಬೈಲಿಗೆ ಸೊಸೆಯಾಗಿ ಬಂದವಳು ಬೆಳಿಗ್ಗೆ ಮಿಂದು, ಖಾಲಿ ಚೊಂಬು ಹಿಡಿದು, ಎಲೆ ಅಡಿಕೆ ಇಟ್ಟುಕೊಂಡು ತವರಿನ ಬಾಗಿಲಲ್ಲಿ ನಿಲ್ಲಬೇಕು. ‘ನೀರು ಕೊಡ್ತ್ರಾ? ನೀವು ಕೊಟ್ರೆ ನಮ್ಗೆ ಅನ್ನ’ ಅಂತ ಕೇಳಬೇಕು. ಮನೆಯ ಗಂಡಸು ಕೊಡದಿಂದ ಚೊಂಬಿಗೆ ನೀರು ಹೊಯ್ದು, ‘ಹೊಟ್ಟೆ ತಣ್ಣಗಿರ್ಲಿ, ತಗೊಂಡ್ಹೋಗು’ ಅನ್ನಬೇಕು. ಅವಳು ಅದನ್ನು ತಂದು ತಳಬೈಲಿನ ಕಾಲುವೆಯ ಬಾಯಿಗೆ ಹೊಯ್ದ ಮೇಲೆಯೇ ಗಂಡಸರು ಕಟ್ಟಕ್ಕೆ ಮೊದಲ ಕಲ್ಲು ಇಡುವುದು. ಕನ್ನಮ್ಮನಿಗಿಂತ ಮೊದಲು ಅವಳ ಸೋದರತ್ತೆ ಇದನ್ನು ಮಾಡುತ್ತಿದ್ದಳು. ಕನ್ನಮ್ಮನಂತೂ ಮದುವೆಯಾದ ವರ್ಷದಿಂದ ತಪ್ಪಿಸಿದವಳಲ್ಲ. ಅವಳಿಗೆ ಅದು ನೀರಿಗಿಂತ ಹೆಚ್ಚಾಗಿ ರವಿಕೆ ಕಣದ ಜೊತೆ ಸಿಗುವ ಕುಂಕುಮ, ಬಾಳೆಲೆ ಊಟ, ತಮ್ಮನ ನಗು.

ಮೂರು ವರ್ಷದ ಹಿಂದಿನ ಶಾಸ್ತ್ರ ಜೋರಾಗಿಯೇ ಆಯಿತು. ವೆಂಕಟ್ರಮಣ ಮುಂಚಿನ ದಿನವೇ ಸೀರೆ ಕಳಿಸಿದ್ದ. ಅವನ ಮಗ ಉಮೇಶ್ ಮೊಬೈಲು ಹಿಡಿದು ಬಾಗಿಲಲ್ಲೇ ನಿಂತಿದ್ದ. ಹಳೇ ಪದ್ಧತಿ ಮರೆತುಹೋಗಬಾರದು, ವಿಡಿಯೋ ಮಾಡ್ತೀನಿ, ಅತ್ತೆ ಸ್ವಲ್ಪ ಗಟ್ಟಿಯಾಗಿ ಕೇಳಬೇಕು ಅಂದ. ಕನ್ನಮ್ಮ ಹಿಗ್ಗಿ ಹೀರೇಕಾಯಿಯಾದಳು. ಗಟ್ಟಿಯಾಗಿ ಕೇಳಿದಳು. ಗಾಡಿ ಸದ್ದು ಬಂತು ಅಂತ ಇನ್ನೊಂದು ಸಲ ಕೇಳಿಸಿದರು, ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. ವಾರವೆಲ್ಲ ತಳಬೈಲಿನಲ್ಲಿ ಅದೇ ಸುದ್ದಿ ಹೇಳಿಕೊಂಡು ತಿರುಗಿದಳು.

ಮುಂದಿನ ವರ್ಷ ಕಟ್ಟಕ್ಕೆ ಯಾರನ್ನೂ ಕರೆಯಲಿಲ್ಲ. ಉಮೇಶ್ ಹಳ್ಳಕ್ಕೆ ಅಡ್ಡವಾಗಿ ಸಿಮೆಂಟಿನ ಗೋಡೆ ಎಬ್ಬಿಸಿ, ಮೋಟರು ಕೂರಿಸಿ, ಗುಡ್ಡದ ಮೇಲೆ ಗುತ್ತಿಗೆಗೆ ಹಿಡಿದ ಶುಂಠಿಗೆ ಪೈಪು ಎಳೆದಿದ್ದ. ತಳಬೈಲಿನ ಕಾಲುವೆ ಬಾಯಿಗೆ ಒಂದು ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ನೀರಿಗೆ ಬೀಗ ಹಾಕಿದ್ದನ್ನು ತಳಬೈಲಿನವರು ಅದೇ ಮೊದಲು ಕಂಡಿದ್ದು. ಗುಡ್ಡದ ಮೇಲೆ ಸ್ಪ್ರಿಂಕ್ಲರುಗಳು ಚಿಮ್ಮುತ್ತಿದ್ದವು, ಕೆಳಗೆ ಕಾಲುವೆಯಲ್ಲಿ ಏಡಿಗಳು ಸತ್ತು ಬಿದ್ದಿದ್ದವು.

ಕನ್ನಮ್ಮನ ಗಂಡ ಜಟ್ಟಪ್ಪ ಮಾತು ಕಡಿಮೆಯವನು. ಎರಡು ಸಲ ಹೋಗಿ ಕೇಳಿದ, ಪಂಚಾಯ್ತಿ ಸೇರಿಸಿದ, ಆಗದೆ ಊರಿನ ಪರವಾಗಿ ಸಾಗರದ ವಕೀಲ ನಾರಾಯಣಮೂರ್ತಿಯವರನ್ನು ಹಿಡಿದು ದಾವೆ ಹೂಡಿದ. ಉಮೇಶನ ಮೇಲೆ, ಜಮೀನು ಇನ್ನೂ ಅಪ್ಪನ ಹೆಸರಲ್ಲಿದ್ದುದರಿಂದ ವೆಂಕಟ್ರಮಣನ ಮೇಲೂ. ಆ ದಿನ ಕನ್ನಮ್ಮ ಊಟ ಬಿಟ್ಟಳು. ಗಂಡನ ಬಾಯಲ್ಲಿ ತಮ್ಮನ ಹೆಸರು ಎದುರಾಳಿ ಅಂತ ಬಂದದ್ದನ್ನು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

ವೆಂಕಟ್ರಮಣನೇ ಬಂದು ಸಮಾಧಾನ ಮಾಡಿದ. ಜಗಲಿಯಲ್ಲಿ ಕೂತು ಅಕ್ಕನ ಕೈಯ ಮಜ್ಜಿಗೆ ಕುಡಿದ. ಇದೆಲ್ಲ ಹುಡುಗನ ಹುಚ್ಚು, ಶುಂಠಿಗೆ ದುಡ್ಡು ಸುರಿದಿದಾನೆ, ನನ್ನ ಮಾತು ಕೇಳೋ ಸ್ಥಿತಿಯಲ್ಲಿ ಇಲ್ಲ, ಕೋರ್ಟೇ ಅವನಿಗೆ ಬುದ್ಧಿ ಹೇಳಲಿ ಅಂದ. ಹೊರಡುವಾಗ ಅಂಗಳದಲ್ಲಿ ನಿಂತು, “ಅಕ್ಕ, ನನ್ನ ಕೇಳಿದ್ರೆ ನಾನು ಇದ್ದದ್ದು ಇದ್ದ ಹಾಗೇ ಹೇಳ್ತೀನಿ. ನಿನ್ನ ಗಂಜಿ ಕುಡ್ದು ಬೆಳ್ದೋನು ನಾನು” ಅಂದ.

ಅಷ್ಟು ಸಾಕಾಯಿತು ಅವಳಿಗೆ. ನಾರಾಯಣಮೂರ್ತಿಯವರು ಹಳ್ಳದ ಕೆಳಗಿನ ಬೇರೆ ಊರುಗಳಿಂದ ಇಬ್ಬರು ಹಿರಿಯರನ್ನು ಸಾಕ್ಷಿಗೆ ಕರೆತನ್ನಿ, ಎರಡೂ ಊರಿನವರಲ್ಲದವರು ಹೇಳಿದರೆ ಬೆಲೆ ಜಾಸ್ತಿ ಅಂದಿದ್ದರು. ಕನ್ನಮ್ಮ ಅಡ್ಡ ಬಂದಳು. ಹೊರಗಿನವರನ್ನು ಕರೆದು ತವರಿನ ಮಾನ ಯಾಕೆ ಹರಾಜು ಹಾಕುತ್ತೀರಿ, ನಾನು ಹೇಳ್ತೀನಿ, ನನ್ನ ತಮ್ಮ ಹೇಳ್ತಾನೆ, ಮುಗೀತು ಅಂದಳು. ಹುಲಿಯಮ್ಮ ಒಂದು ಸಲ ಮೂಗು ಮುರಿದಳು. ಆದರೆ ಊರು ಕನ್ನಮ್ಮನ ಮಾತಿಗೆ ತಲೆದೂಗಿತು. ಜಟ್ಟಪ್ಪನೂ ಒಪ್ಪಿದ. ಇನ್ನೊಂದು ಸಂಗತಿ, ವಕೀಲರಿಗೆ ಕಟ್ಟದ ಅಳತೆ, ಕಾಲುವೆಯ ಉದ್ದ, ಯಾರ ಅಜ್ಜ ಎಲ್ಲಿ ಕಲ್ಲು ಇಟ್ಟ ಅನ್ನುವುದನ್ನೆಲ್ಲ ಬಿಡದೆ ಹೇಳಿದ ಗಂಡಸರು ಚೊಂಬಿನ ಶಾಸ್ತ್ರವನ್ನು ಮಾತ್ರ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಹೆಂಗಸರ ಶಾಸ್ತ್ರಕ್ಕೂ ಕೋರ್ಟಿಗೂ ಏನು ಸಂಬಂಧ ಅಂತ ಅವರಿಗೆ ಅನ್ನಿಸಲೇ ಇಲ್ಲ.

ಕೋರ್ಟಿನಿಂದ ಕಮಿಷನರು ಬಂದರು. ಹಳ್ಳಕ್ಕೆ ಅಡ್ಡವಾಗಿ ಹಲಗೆ ನಿಲ್ಲಿಸಿ ನೀರಿನ ಹರಿವು ಅಳೆದರು, ಪೈಪಿನ ಬಾಯಿ ಅಳೆದರು, ಒಣ ಕಾಲುವೆಯ ಫೋಟೋ ತೆಗೆದರು. ಕಾಲುವೆ ತುಂಬ ಹಳೆಯದು ಅಂತ ಅವರೇ ಬರೆದುಕೊಂಡರು. ತಳಬೈಲಿನವರಿಗೆ ಅರ್ಧ ಗೆದ್ದಷ್ಟು ಖುಷಿಯಾಯಿತು.

ಕನ್ನಮ್ಮನ ಪಾಟೀಸವಾಲಿನ ದಿನ ಸಾಗರದ ಕೋರ್ಟಿಗೆ ಊರಿನಿಂದ ಒಂದು ಟೆಂಪೋ ಜನ ಹೋದರು. ಅವಳು ತಮ್ಮ ಕೊಟ್ಟ ಸೀರೆಯನ್ನೇ ಉಟ್ಟಿದ್ದಳು. ಕಟಕಟೆ ಹತ್ತಿದಾಗ ಹಿಂದಿನ ಬೆಂಚಿನಲ್ಲಿ ಉಮೇಶ್, ಅವನ ಪಕ್ಕದಲ್ಲಿ ವೆಂಕಟ್ರಮಣ. ತಮ್ಮನನ್ನು ಕಂಡು ಅವಳಿಗೆ ಧೈರ್ಯವೇ ಬಂತು.

ಎದುರು ವಕೀಲ ಗದರುತ್ತಾನೆ ಅಂದುಕೊಂಡಿದ್ದಳು. ಅವನು ಬೆಣ್ಣೆಯ ಹಾಗೆ ಮಾತಾಡಿದ. ತವರು ಯಾವುದು, ತಮ್ಮ ಎಷ್ಟು ಚಿಕ್ಕವನು, ತವರಿನವರು ನೋಡಿಕೊಳ್ಳುತ್ತಾರಾ ಅಂತ ವಿಚಾರಿಸಿದ. ಕನ್ನಮ್ಮನ ಬಾಯಿ ತಾನೇ ಸಡಿಲವಾಯಿತು. ಕಟ್ಟದ ದಿನ ಚೊಂಬು ಹಿಡಿದು ಹೋಗುವುದುಂಟಲ್ಲ ಅಂತ ಅವನು ಕೇಳಿದಾಗ, ಇವನಿಗೂ ಗೊತ್ತಲ್ಲ ಅಂತ ಸಂತೋಷವೇ ಆಯಿತು. ಶಾಸ್ತ್ರವನ್ನೆಲ್ಲ ಬಿಡಿಸಿ ಹೇಳಿದಳು.

“ನೀವು ಕೇಳಿದಾಗ ಯಾವತ್ತಾದ್ರೂ ಇಲ್ಲ ಅಂದಿದಾರಾ ಅಮ್ಮ?”

ಇದೆಂಥ ಪ್ರಶ್ನೆ ಅನ್ನಿಸಿತು ಅವಳಿಗೆ. ತಮ್ಮ ಕೂತ ಕಡೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು: “ನನ್ನ ತಮ್ಮ ಅಂಥೋನಲ್ಲ. ಕೇಳ್ದಾಗೆಲ್ಲ ಕೊಟ್ಟಿದಾನೆ. ಅವ್ನು ಕೊಟ್ಟಿದ್ಕೇ ನಾವು ಉಂಡಿದ್ದು.”

ವಕೀಲ ಇನ್ನೇನೂ ಕೇಳಲಿಲ್ಲ. ಅದನ್ನು ಹಾಗೆಯೇ ಬರೆಸಿಕೊಳ್ಳಬೇಕು ಅಂತ ಜಡ್ಜಮ್ಮನವರಿಗೆ ಕೈಮುಗಿದ. ಆಮೇಲೆ ಒಂದು ಲ್ಯಾಪ್‌ಟಾಪು ತೆರೆದು ಅವಳ ಕಡೆಗೆ ತಿರುಗಿಸಿದ. ಅದರಲ್ಲಿ ಕನ್ನಮ್ಮ, ಇದೇ ಸೀರೆ, ತವರಿನ ಬಾಗಿಲು. ‘ನೀರು ಕೊಡ್ತ್ರಾ? ನೀವು ಕೊಟ್ರೆ ನಮ್ಗೆ ಅನ್ನ.’ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಅದು ನೀವೇ ತಾನೇ ಅಂತ ಜಡ್ಜಮ್ಮನವರು ಕೇಳಿದರು. ನಾನೇ ಅಂದಳು. ನಾರಾಯಣಮೂರ್ತಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟದ್ದನ್ನು ನೋಡಿದಾಗ ಏನೋ ಎಡವಟ್ಟಾಯಿತು ಅಂತ ಗೊತ್ತಾಯಿತೇ ಹೊರತು ಏನು ಅಂತ ಗೊತ್ತಾಗಲಿಲ್ಲ.

ಹೊರಗೆ ಮರದ ಕೆಳಗೆ ನಿಂತು ಅವರು ಬಿಡಿಸಿ ಹೇಳಿದರು. ಸಿಟ್ಟಿರಲಿಲ್ಲ, ಸುಸ್ತಿತ್ತು. “ಹಕ್ಕು ಅಂತ ತಗೊಂಡ ನೀರು ಬೇರೆ, ಕೇಳಿ ತಗೊಂಡ ನೀರು ಬೇರೆ ಕನ್ನಮ್ಮ. ಇನ್ನೊಬ್ಬರ ನೆಲದಿಂದ ಕೇಳಿ ತಗೊಂಡದ್ದು ನೂರು ವರ್ಷ ಆದ್ರೂ ಹಕ್ಕಾಗಲ್ಲ. ಈ ಶಾಸ್ತ್ರ ಒಂದಿದೆ ಅಂತ ನಂಗೆ ಒಬ್ರಾದ್ರೂ ಹೇಳ್ಬಾರ್ದಿತ್ತಾ?”

ಜಟ್ಟಪ್ಪ ನೆಲ ನೋಡುತ್ತ ನಿಂತಿದ್ದ. ಕನ್ನಮ್ಮನ ತಲೆಯಲ್ಲಿ ಒಂದೊಂದಾಗಿ ಕೂಡಿಕೊಳ್ಳತೊಡಗಿತು. ಮುಂಚಿನ ದಿನವೇ ಬಂದ ಸೀರೆ. ಗಟ್ಟಿಯಾಗಿ ಕೇಳು ಅಂದದ್ದು. ಎರಡನೇ ಸಲ ಕೇಳಿಸಿದ್ದು. ಮೈಯೆಲ್ಲ ಉರಿಯಿತು ಅವಳಿಗೆ, ಉಟ್ಟ ಸೀರೆಯನ್ನು ಅಲ್ಲೇ ಬಿಚ್ಚಿ ಎಸೆಯಬೇಕು ಅನ್ನುವಷ್ಟು. ಆದರೂ ನೋಡಿ, ಆಗಲೂ ಅವಳು ಬೈದದ್ದು ಉಮೇಶನನ್ನು. ತಮ್ಮನಿಗೆ ಗೊತ್ತಿರಲಿಕ್ಕಿಲ್ಲ, ಅವನ ಸರದಿ ಬರಲಿ, ಅವನು ಸರಿಮಾಡುತ್ತಾನೆ ಅಂತ ಗಂಡನಿಗೆ ಹೇಳಿದಳು. ಜಟ್ಟಪ್ಪ ಟೆಂಪೋ ನಿಂತ ಕಡೆ ನಡೆದ.

ತಮ್ಮನ ಸರದಿ ಬಂತು. ವೆಂಕಟ್ರಮಣ ಇಸ್ತ್ರಿ ಅಂಗಿ ಹಾಕಿಕೊಂಡು ಕಟಕಟೆಯಲ್ಲಿ ನಿಂತ. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿದ. ಆಮೇಲೆ ಗೋಡೆ ನೋಡುತ್ತ ಹೇಳಿದ, ಅಕ್ಕ ಬಂದು ಕೇಳುತ್ತಿದ್ದಳು, ನಮಗೆ ಸಾಲುವಷ್ಟು ಇದ್ದ ವರ್ಷ ಬಿಡುತ್ತಿದ್ದೆವು, ಹಕ್ಕು ಅಂತ ಹೇಳಿಕೊಂಡು ಯಾರೂ ಬಂದದ್ದಿಲ್ಲ. ಕನ್ನಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಾರಾಯಣಮೂರ್ತಿಯವರು ಎದ್ದು, ಬರೀ ದಯೆಯಿಂದ ಬಿಟ್ಟ ನೀರಾದರೆ ತಳಬೈಲಿನ ಗಂಡಸರು ವರ್ಷಾ ವರ್ಷಾ ಬಂದು ಕಟ್ಟ ಕಟ್ಟುತ್ತಿದ್ದುದು ಯಾಕೆ ಅಂತ ಕೇಳಿದರು.

“ಕೂಲಿಗೆ ಬರ್ತಿದ್ರು” ಅಂದ ವೆಂಕಟ್ರಮಣ.

ಕೂಲಿಗೆ! ಕನ್ನಮ್ಮನ ಮಾವ ಕೊರೆಯುವ ನೀರಲ್ಲಿ ಸೊಂಟದವರೆಗೆ ನಿಂತು ಕಲ್ಲು ಹೊತ್ತವರು. ಜಟ್ಟಪ್ಪನ ಎಡಗೈಯ ಬೆರಳು ಜಜ್ಜಿಹೋದದ್ದು ಅದೇ ಕಟ್ಟದಲ್ಲಿ. ಆ ದಿನ ಭಾವನ ಕೈಗೆ ಬಟ್ಟೆ ಸುತ್ತಿ ಮನೆಯವರೆಗೆ ಕರೆತಂದವನು ಈ ವೆಂಕಟ್ರಮಣನೇ. ಒಂದು ರೂಪಾಯಿ ಕೊಟ್ಟವರಿಲ್ಲ, ಕೇಳಿದವರಿಲ್ಲ. ಕಟ್ಟದ ದಿನ ಮೇಲ್ಕೊಪ್ಪದ ಅನ್ನ, ತಳಬೈಲಿನ ದುಡಿಮೆ, ಇಬ್ಬರ ನೀರು. ಕನ್ನಮ್ಮ ಎದ್ದು ನಿಂತಳು. ಪೇದೆ ಕೂತ್ಕೊಳಮ್ಮ ಅಂದ. ಅವಳು ಕೂತಳು.

ಹೊರಗೆ ಅವನನ್ನು ಮೆಟ್ಟಿಲ ಮೇಲೆ ಅಡ್ಡ ಹಾಕಿದಳು. ಕೂಲಿಗೆ ಬರ್ತಿದ್ರೇನೋ ಅಂತ ಕೇಳಿದಳು. ವೆಂಕಟ್ರಮಣನಿಗೆ ಅವಳ ಮುಖ ನೋಡಲು ಆಗಲಿಲ್ಲ. ವಕೀಲರು ಹೇಳಿಕೊಟ್ಟದ್ದನ್ನು ಹೇಳಿದೆ, ಕೋರ್ಟಿನದು ಕೋರ್ಟಿಗೇ ಬಿಡಬೇಕು, ಮಗ ಮುಳುಗಿಹೋದರೆ ನಾನೇನು ಮಾಡಲಿ ಅಂತ ಗೊಣಗಿದ. ಆಮೇಲೆ ದನಿ ತಗ್ಗಿಸಿ, “ನಿಂಗೆ ನೀರು ತಪ್ಪಲ್ಲ ಅಕ್ಕ. ಅದು ನನ್ನ ಜವಾಬ್ದಾರಿ” ಅಂದ. ಅವಳಿಗೆ ಅದರ ಅರ್ಥ ಆಗಲಿಲ್ಲ. ಆಗುವಷ್ಟು ಸಮಾಧಾನವೂ ಇರಲಿಲ್ಲ.

ತೀರ್ಪು ಬಂದದ್ದು ಈ ಜನವರಿಯಲ್ಲಿ. ಕಾಲುವೆ ಹಳೆಯದು ಹೌದು, ನೀರು ಬರುತ್ತಿದ್ದುದೂ ಹೌದು. ಆದರೆ ಅದು ಪ್ರತಿವಾದಿಗಳ ಅನುಮತಿಯಿಂದ, ಹಕ್ಕಿನಿಂದ ಅಲ್ಲ. ಅದಕ್ಕೆ ವಾದಿಗಳ ಸಾಕ್ಷಿಯೇ ಆಧಾರ. ಹಳ್ಳದ ದಂಡೆಯಲ್ಲೇ ಇರುವ ಕೆಳಗಿನ ಊರುಗಳಿಗೆ ಹರಿವಿನ ಪಾಲು ಉಂಟು, ಆದ್ದರಿಂದ ಬೇಸಿಗೆಯಲ್ಲಿ ಮೇಲ್ಕೊಪ್ಪದವರು ಹಳ್ಳದ ಅರ್ಧಕ್ಕಿಂತ ಹೆಚ್ಚು ನೀರು ಎತ್ತುವ ಹಾಗಿಲ್ಲ. ಆ ಅರ್ಧವನ್ನು ಎಲ್ಲಿಗೆ ಒಯ್ಯಬೇಕು ಅನ್ನುವುದು ಅವರ ಇಷ್ಟ. ದಾವೆ ಹೂಡದೇ ಇದ್ದ ಊರುಗಳಿಗೆ ನೀರು ಸಿಕ್ಕಿತು, ಹೂಡಿದ ತಳಬೈಲಿಗೆ ಬೀಗ ಹಾಗೆಯೇ ಉಳಿಯಿತು.

ಟೆಂಪೋದಲ್ಲಿ ವಾಪಸು ಬರುವಾಗ ಯಾರೂ ಕನ್ನಮ್ಮನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹುಲಿಯಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಜಟ್ಟಪ್ಪ ಮಾತ್ರ, ಶಿವಮೊಗ್ಗಕ್ಕೆ ಅಪೀಲು ಹಾಕೋಣ ಅಂತ ವಕೀಲರು ಅಂದಿದಾರೆ, ಹೊರಗಿನ ಹಿರಿಯರನ್ನ ಈಗಲಾದರೂ ಸಾಕ್ಷಿಗೆ ಕರೆಸೋಕೆ ಅರ್ಜಿ ಕೊಡ್ತಾರಂತೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಅದಾಗಿ ವಾರ ಕಳೆದಿರಬಹುದು. ಬೆಳಿಗ್ಗೆ ದನ ಬಿಡಲು ಹೊರಟ ಕನ್ನಮ್ಮನಿಗೆ ತನ್ನ ಗದ್ದೆಯಲ್ಲಿ ಬಿಸಿಲು ಹೊಳೆದದ್ದು ಕಂಡಿತು. ಹತ್ತಿರ ಹೋದರೆ ನೀರು. ದಿಬ್ಬದ ಮೇಲಿಂದ ಒಂದು ಕರಿ ಪೈಪು ಇಳಿದು, ಬೇರೆ ಯಾರ ಗದ್ದೆಗೂ ತಾಗದ ಹಾಗೆ ಬದುವಿನ ಅಂಚು ಹಿಡಿದು ಬಂದು, ನೇರ ಅವಳ ಗದ್ದೆಗೆ ಬಾಯಿ ಇಟ್ಟಿತ್ತು. ಮುಂಚಿನ ದಿನ ಅವಳೂ ಜಟ್ಟಪ್ಪನೂ ತೀರ್ಥಹಳ್ಳಿಗೆ, ನೆಂಟರ ಮನೆಯ ಮದುವೆಗೆ ಹೋಗಿದ್ದರು. ಅವರಿಲ್ಲದ ಹೊತ್ತಿನಲ್ಲಿ ಎಳೆದು ಹೋಗಿದ್ದರು. ಸುತ್ತ ಇಡೀ ತಳಬೈಲು ಬಿರುಕು ಬಿಟ್ಟು ಒಣಗಿತ್ತು, ನಡುವೆ ಅವಳದೊಂದೇ ತುಂಡು ಮಿರಿಮಿರಿ ಮಿಂಚುತ್ತಿತ್ತು.

ಆಗ ಅವಳಿಗೆ ಮೆಟ್ಟಿಲ ಮೇಲಿನ ಮಾತು ತಿಳಿಯಿತು. ತಲೆ ಎತ್ತಿದರೆ ಊರಿನ ಹೆಂಗಸರು ಅಲ್ಲಲ್ಲಿ ಬದುವಿನ ಮೇಲೆ ನಿಂತು ಇದೇ ನೀರನ್ನು ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನು ಓಡುತ್ತಿದೆ ಅಂತ ಹೇಳಿಸಿಕೊಳ್ಳಬೇಕೇ? ಇದಕ್ಕೇ ಇವಳು ಕೋರ್ಟಿನಲ್ಲಿ ಹಾಗೆ ಹೇಳಿದ್ದು. ತಮ್ಮನೂ ಅಕ್ಕನೂ ಸೇರಿ ಊರಿನ ಕಣ್ಣಿಗೆ ಮಣ್ಣೆರಚಿದರು. ಕನ್ನಮ್ಮನಿಗೆ ಕಟಕಟೆಯಲ್ಲಿ ಮೋಸ ಹೋದದ್ದಕ್ಕಿಂತ ಇದೇ ಹೆಚ್ಚು ನೋವು ತಂದಿತು.

ಮನೆಗೆ ಓಡಿ ಗುದ್ದಲಿ ತಂದಳು. ಹುಲಿಯಮ್ಮನ ಗದ್ದೆಯ ಕಡೆಯ ಬದುವನ್ನು ಕಡಿದಳು. ನೀರು ಒಣ ಬಿರುಕಿಗೆ ಗುಳುಗುಳು ಇಳಿಯತೊಡಗಿತು. ಇನ್ನೊಂದು ಕಡೆ ಕಡಿಯಲು ತಿರುಗಿದಳು, ಎಲ್ಲರಿಗೂ ಹಂಚಿಬಿಡಬೇಕು, ಆಗ ಯಾರು ಏನು ಅನ್ನುತ್ತಾರೆ ನೋಡೋಣ ಅಂತ. ಅಷ್ಟರಲ್ಲಿ ಹುಲಿಯಮ್ಮ ಬಂದಳು. ಸೀರೆ ಎತ್ತಿ ಕಟ್ಟಿ ಕುಕ್ಕರಿಸಿ ಕೂತು, ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ಆ ಕಂಡಿಯನ್ನು ಮುಚ್ಚಿದಳು. ಮೇಲೆ ಕಾಲಿಟ್ಟು ಗಟ್ಟಿಮಾಡಿದಳು.

“ಹುಲಿಯಮ್ಮ, ದೇವ್ರಾಣೆ ನಂಗೆ ಗೊತ್ತಿರ್ಲಿಲ್ಲ” ಅಂದಳು ಕನ್ನಮ್ಮ. “ಎಲ್ರೂ ತಗೊಳ್ಳಿ.”

“ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತು” ಅಂದಳು ಹುಲಿಯಮ್ಮ. ಕೈಯ ಕೆಸರನ್ನು ಒಣ ಹುಲ್ಲಿಗೆ ಒರೆಸಿಕೊಂಡಳು. “ಆದ್ರೂ ಬ್ಯಾಡ. ಇವತ್ತು ನಾನು ಇದನ್ನ ಬಿಟ್ಕೊಂಡ್ರೆ, ನಾಳೆ ಶಿವಮೊಗ್ಗದಲ್ಲಿ ನಿನ್ನ ತಮ್ಮ, ಹುಲಿಯಮ್ಮಂಗೂ ನಾನೇ ಕೊಟ್ಟೆ ಅಂತಾನೆ.”

ಅವಳು ಹೋದಳು. ಬದುವಿನ ಮೇಲಿದ್ದ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಕನ್ನಮ್ಮ ತನ್ನ ಗದ್ದೆಯ ನೀರನ್ನು ನೋಡಿದಳು. ಹುಲಿಯಮ್ಮ ಹೇಳಿದ್ದು ತನಗೂ ಅನ್ವಯಿಸುತ್ತದೆ ಅಂತ ಆಗ ಹೊಳೆಯಿತು. ಅಪೀಲಿನಲ್ಲಿ ಗಂಡ ಹಕ್ಕು ಅಂತ ವಾದಿಸುತ್ತಿರುವಾಗ ಹೆಂಡತಿಯ ಗದ್ದೆಯಲ್ಲಿ ಕೊಟ್ಟ ನೀರು ನಿಂತಿರುತ್ತದೆ. ಅದಕ್ಕೂ ಯಾರೋ ವಿಡಿಯೋ ಮಾಡಿಕೊಳ್ಳುತ್ತಾರೆ.

ಅವಳು ಪೈಪನ್ನು ಎತ್ತಿ ಎಳೆದಳು. ಭಾರವಿತ್ತು. ನೀರು ಎದೆಗೆ, ಮುಖಕ್ಕೆ ಸಿಡಿಯಿತು. ಎಳೆದುಕೊಂಡು ಹೋಗಿ ಗದ್ದೆಯಾಚೆಯ ಕೊರಕಲಿಗೆ, ಯಾರಿಗೂ ಸೇರದ ಮುಳ್ಳು ಪೊದೆಗಳ ಕಡೆಗೆ ತಿರುಗಿಸಿ, ಮೇಲೊಂದು ಕಲ್ಲು ಹೇರಿದಳು. ಬೇಸಿಗೆಯ ಮುಖದಲ್ಲಿ ನೀರು ಹಾಳುಮಾಡುವುದು ಅವಳ ಜನ್ಮದಲ್ಲೇ ಮೊದಲು.

ದಿಬ್ಬದ ಮೇಲೆ ಬೈಕಿನ ಸದ್ದಾಯಿತು. ವೆಂಕಟ್ರಮಣ. ನೀರು ಬಂತೋ ಇಲ್ಲವೋ ನೋಡಿಕೊಂಡು ಹೋಗಲು ಬಂದಿದ್ದ. ಇಳಿದು ಬರುತ್ತ, ಏನೂ ಆಗದವನ ಹಾಗೆ, ಚಿಕ್ಕಂದಿನ ದನಿಯಲ್ಲಿ ಕೂಗಿ ಕೇಳಿದ: “ಅಕ್ಕ, ನೀರು ಬಂತಾ?”

ಕನ್ನಮ್ಮ ಒದ್ದೆ ಸೆರಗು ಹಿಂಡಿಕೊಂಡಳು. ಅವನು ಹತ್ತಿರ ಬರುವವರೆಗೆ ಕಾದಳು. ಇಷ್ಟು ವರ್ಷದಲ್ಲಿ ತಮ್ಮ ಅನ್ನದೆ ಅವನನ್ನು ಕರೆದವಳಲ್ಲ.

“ನಾನು ಕೇಳಿರ್ಲಿಲ್ಲ, ವೆಂಕಟ್ರಮಣ” ಅಂದಳು.

ಅವಳು ಗುದ್ದಲಿ ಹೆಗಲಿಗೇರಿಸಿ, ಅವನ ಪಕ್ಕದಿಂದಲೇ ಹಾದು, ದನ ಬಿಡಲು ಕೊಟ್ಟಿಗೆಯ ಕಡೆ ಹೋದಳು.